ಕ್ಯಾಶು, ಕಾಸು ಮತ್ತು ಒಂದು ಪೆಟ್ಟಿಗೆ

ಇಂಗ್ಲಿಷಿನಿಂದ ಬಂದು ಕನ್ನಡದ ಪೇಟೆಮಾತಿನಲ್ಲಿ ಬೇರುಬಿಟ್ಟ ಪದಗಳಲ್ಲಿ ‘ಕ್ಯಾಶ್’ ಒಂದು. ಅದರ ಉಚ್ಚಾರವೂ ಅರ್ಥವೂ ಕನ್ನಡದ ‘ಕಾಸು’ ಎಂಬ ಹಳೆಯ ಮಾತಿಗೆ ಎಷ್ಟು ಹತ್ತಿರವಾಗಿವೆಯೆಂದರೆ, ದಕ್ಷಿಣ ಭಾರತದ ಕಾಸೇ ಕಡಲು ದಾಟಿ ಹೋಗಿ ಕ್ಯಾಶ್ ಆಯಿತೆಂಬ ನಂಬಿಕೆ ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಭಾರತವು ಇಂಗ್ಲಿಷಿಗೆ ಕೊಟ್ಟ ಪದಗಳ ಜನಪ್ರಿಯ ಪಟ್ಟಿಗಳಲ್ಲಿ ಬಂಗಲೆ, ಲೂಟಿ, ಶಾಂಪೂಗಳ ಸಾಲಿನಲ್ಲಿ ಇದೂ ಆಗಾಗ ಕಾಣಿಸಿಕೊಳ್ಳುತ್ತದೆ. ಈ ನಂಬಿಕೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ, ಹಾಗೆಯೇ ಒಪ್ಪಿಕೊಳ್ಳುವಂತೆಯೂ ಇಲ್ಲ. ಏಕೆಂದರೆ ಇಂಗ್ಲಿಷಿನಲ್ಲಿ ಕ್ಯಾಶ್ ಎಂಬ ಪದ ಒಂದಲ್ಲ, ಎರಡು. ಒಂದು ಯುರೋಪಿನ ಪೆಟ್ಟಿಗೆಯಿಂದ ಬಂದದ್ದು, ಇನ್ನೊಂದು ತಮಿಳು-ಕನ್ನಡ ಸೀಮೆಯ ನಾಣ್ಯದಿಂದ ಬಂದದ್ದು. ಹಾಲು ಕಾಸುವ ಕಾಸಿಗೂ ಕೈಯಲ್ಲಿರುವ ಕಾಸಿಗೂ ಕನ್ನಡದಲ್ಲಿ ರೂಪಸಾಮ್ಯವಿದ್ದರೂ ನೆಂಟಸ್ತಿಕೆ ಇಲ್ಲದಿರುವಂತೆಯೇ ಈ ಎರಡು ಇಂಗ್ಲಿಷ್ ಪದಗಳಿಗೂ ಹುಟ್ಟಿನ ಸಂಬಂಧವಿಲ್ಲ. ಆದರೆ ಎರಡೂ ಹಣಕ್ಕೇ ಸಂಬಂಧಿಸಿದವಾದ್ದರಿಂದ ಅವು ದಾರಿಯುದ್ದಕ್ಕೂ ಒಂದರ ನೆರಳನ್ನು ಇನ್ನೊಂದು ತುಳಿಯುತ್ತ ಬಂದಿವೆ.

ಮೊದಲನೆಯ ಪದದ ಮೂಲ ‘ಕಾಪ್ಸಾ’ ಎಂಬ ಲ್ಯಾಟಿನ್ ಶಬ್ದ. ಹಿಡಿ, ತೆಗೆದುಕೊ, ಒಳಗೊಳ್ಳು ಎಂಬ ಅರ್ಥದ ‘ಕಾಪೆರೆ’ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಪೆಟ್ಟಿಗೆ ಎಂದರ್ಥ. ಪುಸ್ತಕಗಳು ಸುರುಳಿಯ ರೂಪದಲ್ಲಿದ್ದ ಕಾಲದಲ್ಲಿ ಅವನ್ನು ನಿಲ್ಲಿಸಿಡುತ್ತಿದ್ದ ದುಂಡನೆಯ ಡಬ್ಬಿಯನ್ನು ರೋಮನ್ನರು ವಿಶೇಷವಾಗಿ ಈ ಹೆಸರಿನಿಂದ ಕರೆಯುತ್ತಿದ್ದರು. ಇದೇ ಬೇರಿನಿಂದ ಒಡೆದ ಕವಲುಗಳಲ್ಲಿ ಹಲವು ಕನ್ನಡಿಗರಿಗೆ ದಿನಬಳಕೆಯ ಮಾತುಗಳಾಗಿವೆ: ಔಷಧಿಯ ಕ್ಯಾಪ್ಸೂಲ್ ಎಂದರೆ ಪುಟ್ಟ ಪೆಟ್ಟಿಗೆ, ಹಾಡು ಕೇಳಿಸುತ್ತಿದ್ದ ಕ್ಯಾಸೆಟ್ ಎಂದರೂ ಪುಟ್ಟ ಪೆಟ್ಟಿಗೆಯೇ, ಲಾರಿಯ ಚಾಸಿ ಎಂದರೆ ಮೂಲದಲ್ಲಿ ಚೌಕಟ್ಟು, ಸೂಟ್‌ಕೇಸಿನ ಕೇಸ್ ಎಂದರೆ ಮತ್ತೆ ಪೆಟ್ಟಿಗೆ. ನ್ಯಾಯಾಲಯದ ಕೇಸು ಮಾತ್ರ ಈ ಮನೆತನಕ್ಕೆ ಸೇರಿದ್ದಲ್ಲ. ಅದು ಬೀಳುವುದು, ಸಂಭವಿಸುವುದು ಎಂಬ ಅರ್ಥದ ಬೇರೊಂದು ಲ್ಯಾಟಿನ್ ಧಾತುವಿನ ಕೂಸು. ಕಾಪ್ಸಾ ಎಂಬುದು ಇಟಲಿಯಲ್ಲಿ ‘ಕಾಸ್ಸಾ’ ಆಯಿತು, ಫ್ರಾನ್ಸಿನಲ್ಲಿ ‘ಕೆಸ್’ ಆಯಿತು, ಪೋರ್ಚುಗಲ್ಲಿನಲ್ಲಿ ‘ಕೈಶಾ’ ಆಯಿತು. ಈ ಪೋರ್ಚುಗೀಸ್ ರೂಪವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಅದು ಮುಂದೆ ಬೇರೊಂದು ವೇಷದಲ್ಲಿ ಎದುರಾಗುತ್ತದೆ.

ಪೆಟ್ಟಿಗೆಯ ಹೆಸರು ಅದರೊಳಗಿನ ಹಣಕ್ಕೆ ಅಂಟಿಕೊಂಡದ್ದು ಇಟಲಿಯ ವ್ಯಾಪಾರಿಗಳ ಲೆಕ್ಕದ ಪುಸ್ತಕಗಳಲ್ಲಿ. ಪ್ರತಿಯೊಂದು ವ್ಯವಹಾರವನ್ನೂ ಕೊಡುವವನ ಮತ್ತು ಪಡೆಯುವವನ ಎರಡು ಖಾತೆಗಳಲ್ಲಿ ಬರೆದಿಡುವ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿ ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ 1494ರಲ್ಲಿ ವೆನಿಸ್ಸಿನಲ್ಲಿ ತನ್ನ ಗಣಿತಗ್ರಂಥವನ್ನು ಅಚ್ಚು ಹಾಕಿಸಿದಾಗ, ಕಾಸ್ಸಾ ಎಂಬುದು ಅದರಲ್ಲಿ ಬರಿಯ ಮರದ ಪೆಟ್ಟಿಗೆಯಾಗಿರದೆ ಸಾಲ ಪಡೆಯುವ, ಸಾಲ ತೀರಿಸುವ ವ್ಯಕ್ತಿಯಂತೆ ಖಾತೆಯ ಯಜಮಾನನಾಗಿ ಕುಳಿತಿತ್ತು. ಒಳಗೊಂಡದ್ದರ ಹೆಸರನ್ನು ಒಳಗಿರುವುದಕ್ಕೆ ಕೊಡುವ ಈ ರೂಢಿ ಕನ್ನಡಕ್ಕೆ ಹೊಸದಲ್ಲ. ಬಟ್ಟೆಯಲ್ಲಿ ಕಟ್ಟಿದ ‘ಗಂಟು’ ಎಂಬ ಮಾತಿಗೆ ಅಸಲು ಹಣ ಎಂಬ ಅರ್ಥ ಬಂದದ್ದು, ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಹಣದ ಚೀಲವಾದ ‘ಹಮ್ಮಿಣಿ’ ಸನ್ಮಾನ ಸಮಾರಂಭಗಳಲ್ಲಿ ಅರ್ಪಿಸುವ ನಿಧಿಯೇ ಆದದ್ದು, ಅಂಗಡಿಯ ‘ಗಲ್ಲಾಪೆಟ್ಟಿಗೆ’ ಸಿನಿಮಾ ಪುಟಗಳಲ್ಲಿ ಚಿತ್ರದ ಗಳಿಕೆಗೆ ಪರ್ಯಾಯಪದವಾದದ್ದು ಎಲ್ಲವೂ ಇದೇ ಬಗೆಯ ಅರ್ಥಪಲ್ಲಟಗಳು. ಹಾಗೆ ನೋಡಿದರೆ ಕ್ಯಾಶ್ ಎಂಬುದಕ್ಕೆ ಕನ್ನಡದಲ್ಲಿ ನಿಜವಾದ ಸೋದರಪದ ಕಾಸಲ್ಲ, ಗಲ್ಲಾ.

ಇಂಗ್ಲಿಷಿನಲ್ಲಿ ಈ ಪದ ಕಾಣಿಸಿಕೊಳ್ಳುವುದು 1590ರ ದಶಕದಲ್ಲಿ. ಆಗ ಅದಕ್ಕೆ ಹಣದ ಪೆಟ್ಟಿಗೆ ಎಂಬ ಅರ್ಥವೂ ಪೆಟ್ಟಿಗೆಯಲ್ಲಿನ ನಾಣ್ಯ ಎಂಬ ಅರ್ಥವೂ ಒಟ್ಟಿಗೇ ಇದ್ದವು. ಪೆಟ್ಟಿಗೆಯ ಅರ್ಥ ಕ್ರಮೇಣ ಸವೆದುಹೋಗಿ ನಾಣ್ಯದ ಅರ್ಥವೊಂದೇ ಉಳಿಯಿತು. 1599ರ ಸುಮಾರಿಗೆ ರಚಿತವಾದ ಷೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದಲ್ಲಿ ಜೂಜಿನ ಬಾಕಿಗಾಗಿ ಕಿತ್ತಾಡುವ ಸಿಪಾಯಿಯೊಬ್ಬ ಈ ಮಾತನ್ನು ಕೈಮೇಲಿನ ಹಣ ಎಂಬ ಅರ್ಥದಲ್ಲಿಯೇ ಆಡುತ್ತಾನೆ. ಪೆಟ್ಟಿಗೆ ಕಾಯುವವನಿಗೆ ಕ್ಯಾಷಿಯರ್ ಎಂಬ ಹೆಸರು ಬಂದದ್ದೂ ಅದೇ ದಶಕದಲ್ಲಿ. ಸೈನ್ಯಾಧಿಕಾರಿಯನ್ನು ಅವಮಾನಪೂರ್ವಕವಾಗಿ ಹೊರದಬ್ಬುವುದಕ್ಕೂ ಇಂಗ್ಲಿಷಿನಲ್ಲಿ ಕ್ಯಾಷಿಯರ್ ಎಂಬ ಕ್ರಿಯಾಪದವೇ ಇದೆಯಾದರೂ ಅದು ಮುರಿ, ರದ್ದುಗೊಳಿಸು ಎಂಬ ಅರ್ಥದ ಮಾತಿನಿಂದ ಡಚ್ ಭಾಷೆಯ ಮೂಲಕ ಬಂದದ್ದು. ಹಣದ ಲೆಕ್ಕ ತಪ್ಪಿಸಿ ಕೆಲಸ ಕಳೆದುಕೊಂಡ ಕ್ಯಾಷಿಯರ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಗೋಡಂಬಿಯ ಇಂಗ್ಲಿಷ್ ಹೆಸರಾದ ಕ್ಯಾಶ್ಯೂ ಕೂಡ ಹೊರಗಿನದೇ. ಬ್ರೆಜಿಲ್ಲಿನ ತುಪಿ ಜನರು ಆ ಮರಕ್ಕೆ ಇಟ್ಟಿದ್ದ ಹೆಸರನ್ನು ಪೋರ್ಚುಗೀಸರು ‘ಕಾಜು’ ಎಂದು ಮಾಡಿಕೊಂಡರು, ಗೇರುಬೀಜದ ವ್ಯಾಪಾರದಲ್ಲಿ ಕರಾವಳಿ ಎಷ್ಟೇ ಕಾಸು ಕಂಡಿದ್ದರೂ ಪದಮೂಲದಲ್ಲಿ ಅವೆರಡೂ ಸೇರುವುದಿಲ್ಲ.

ಎರಡನೆಯ ಕ್ಯಾಶ್‌ನ ಕಥೆ ಇದಕ್ಕಿಂತ ಹಳೆಯದು, ಹೆಚ್ಚು ಸುತ್ತುಬಳಸಿನದು. ತಮಿಳು, ಕನ್ನಡ, ತೆಲುಗು, ಮಲಯಾಳ, ತುಳು ಈ ಎಲ್ಲ ಭಾಷೆಗಳಲ್ಲಿಯೂ ಕಾಸು ಎಂಬ ಮಾತು ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಇದೆ. ಇದನ್ನು ಸಂಸ್ಕೃತದ ‘ಕರ್ಷ’ ಎಂಬ ತೂಕದ ಹೆಸರಿಗೆ ಜೋಡಿಸುವ ವಿದ್ವಾಂಸರಿದ್ದಾರೆ, ದ್ರಾವಿಡ ಮೂಲದ್ದೆಂದು ಎಣಿಸುವವರೂ ಇದ್ದಾರೆ. ಕರ್ಷವೆಂದರೆ ಸ್ಮೃತಿಗಳ ಲೆಕ್ಕದಲ್ಲಿ 80 ಗುಲಗಂಜಿಗಳ ತೂಕ. ಅಷ್ಟು ತೂಕದ ತಾಮ್ರದ ತುಂಡಿಗೆ ಕಾರ್ಷಾಪಣವೆಂದು ಹೆಸರು. ಮೂಲ ಯಾವುದಾದರೂ ಆಗಲಿ, ತಮಿಳುನಾಡಿನ ಶಾಸನಗಳಲ್ಲಿ ಕಾಸು ಮೊದಲು ಮೆರೆದದ್ದು ಚಿಲ್ಲರೆಯಾಗಿ ಅಲ್ಲ, ಚಿನ್ನವಾಗಿ. 1010ರಲ್ಲಿ ಪೂರ್ಣಗೊಂಡ ತಂಜಾವೂರಿನ ಬೃಹದೀಶ್ವರ ದೇವಾಲಯದ ಗೋಡೆಗಳ ಮೇಲೆ ಒಂದನೆಯ ರಾಜರಾಜ ಚೋಳನ ಕಾಲದಲ್ಲಿ ಕೆತ್ತಿಸಿದ ಹಣದ ದತ್ತಿಗಳ ಲೆಕ್ಕ ಕಾಸುಗಳಲ್ಲಿದೆ. ದೇವರ ಭಂಡಾರದ ಮೂಲಧನವನ್ನು ಊರ ಸಭೆಗಳಿಗೆ ಬಡ್ಡಿಗೆ ಕೊಟ್ಟಾಗ ಕಾಸೊಂದಕ್ಕೆ ವರ್ಷಕ್ಕೆ ಕಾಲಿನ ಅರ್ಧದಷ್ಟು, ಎಂದರೆ ಎಂಟನೆಯ ಒಂದು ಭಾಗ ಕಾಸು ಬಡ್ಡಿಯೆಂದು ಆ ಶಾಸನಗಳು ಗೊತ್ತುಮಾಡುತ್ತವೆ. ಈಗಿನ ಮಾತಿನಲ್ಲಿ ಹೇಳುವುದಾದರೆ ಶೇಕಡ ಹನ್ನೆರಡೂವರೆ. ಅದೇ ಕಾಲದ ಕನ್ನಡ ಶಾಸನಗಳು ಗದ್ಯಾಣ, ಪಣ, ಹಾಗ, ವೀಸ, ಬೇಳೆಗಳಲ್ಲಿ ಲೆಕ್ಕ ಬರೆಯುತ್ತಿದ್ದವು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಹಿಡಿದು ಗಂಗವಾಡಿಯನ್ನು ಆಳತೊಡಗಿದಾಗ ಈ ಎರಡು ಲೆಕ್ಕಗಳೂ ಒಂದೇ ನೆಲದ ಮೇಲೆ ಎದುರುಬದುರಾದವು.

ಚೋಳರ ಕೊನೆಯ ದಿನಗಳಲ್ಲಿಯೂ ಪಾಂಡ್ಯರ ಕಾಲದಲ್ಲಿಯೂ ಕಾಸೆಂಬ ಹೆಸರು ತಾಮ್ರದ ನಾಣ್ಯಗಳಿಗೆ ಇಳಿಯಿತು. ಪದಗಳ ಲೋಕದಲ್ಲಿ ನಾಣ್ಯಗಳಿಗೆ ಮೇಲೇರುವ ಯೋಗ ಕಡಮೆ. ರೋಮಿನಲ್ಲಿ ಬೆಳ್ಳಿಯಾಗಿದ್ದ ದಿನಾರಿಯಸ್ಸು ಇಂಗ್ಲೆಂಡಿನ ಲೆಕ್ಕದಲ್ಲಿ ಬರಿಯ ಪೆನ್ನಿಯ ಸಂಕೇತವಾಗಿ ಉಳಿದಂತೆ ಚಿನ್ನದ ಕಾಸು ಬಿಡಿಗಾಸಾಯಿತು. ಹಳೆಯ ಸ್ಥಾನಮಾನದ ಕುರುಹು ಒಡವೆಯ ಹೆಸರಿನಲ್ಲಿ ಮಾತ್ರ ಉಳಿದಿದೆ: ಕಾಸಿನ ಸರದ ಕಾಸು ಇಂದಿಗೂ ಚಿನ್ನವೇ. ಉಳಿದೆಡೆಯೆಲ್ಲ ಅದು ಅಲ್ಪತೆಯ ಅಳತೆ. ಕೆಲಸಕ್ಕೆ ಬಾರದವನು ಮೂರು ಕಾಸಿಗೂ ಬಾಳದವನು, ಬೆಲೆಯಿಲ್ಲದ್ದು ಕವಡೆಗಾಸಿನದು, ಕೊಟ್ಟಷ್ಟಕ್ಕೇ ಸಿಕ್ಕುವುದು ಕಾಸಿಗೆ ತಕ್ಕ ಕಜ್ಜಾಯ. ಹಣೆಯ ಮೇಲಿನ ಕುಂಕುಮ ಕಾಸಗಲ ಎನ್ನುವಾಗ ಮಾತ್ರ ಬೆಲೆ ಮರೆತು ಆಕಾರವೊಂದೇ ಉಳಿಯುತ್ತದೆ. ಕಾಸಿದ್ದರೆ ಕೈಲಾಸವೆಂಬ ಗಾದೆಯಲ್ಲಿ ಬಿಡಿಗಾಸು ಮತ್ತೆ ಸಂಪತ್ತೆಂಬ ದೊಡ್ಡ ಅರ್ಥಕ್ಕೆ ಏರಿದ್ದರೂ ಅಲ್ಲಿ ಪ್ರಾಸದ ಪಾಲೂ ಸಾಕಷ್ಟಿದೆ.

1510ರಲ್ಲಿ ಗೋವೆಯನ್ನೂ ಮರುವರ್ಷ ಮಲಾಕಾವನ್ನೂ ಹಿಡಿದ ಪೋರ್ಚುಗೀಸರು ದಕ್ಷಿಣ ಭಾರತದ ಈ ಚಿಕ್ಕ ನಾಣ್ಯದ ಹೆಸರನ್ನು ಎತ್ತಿಕೊಂಡು ತಮ್ಮ ಭಾಷೆಯಲ್ಲಿ ಮೊದಲೇ ಇದ್ದ ಕೈಶಾ, ಎಂದರೆ ಪೆಟ್ಟಿಗೆ, ಎಂಬ ಪದದ ಅಚ್ಚಿನಲ್ಲಿ ಎರೆದರು. ಪರದೇಶದ ಮಾತನ್ನು ತಮಗೆ ಗೊತ್ತಿರುವ ಮಾತಿನ ಹಾಗೆ ಉಚ್ಚರಿಸುವುದು ಎಲ್ಲ ಜನರ ಸ್ವಭಾವ. ಕಾಸಿನ ‘ಸ’ಕಾರ ‘ಶ’ಕಾರವಾದದ್ದು ಹೀಗೆ. ಪೋರ್ಚುಗೀಸರ ಈ ರೂಪದಿಂದ ಇಂಗ್ಲಿಷರು ಕ್ಯಾಶ್ ಎಂದರು, ಪುದುಚೇರಿಯ ಫ್ರೆಂಚರೂ ‘ಕಾಶ್’ ಎಂದರು. 1620ರಲ್ಲಿ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದ ಡೇನರು ತಮ್ಮ ನಾಣ್ಯಗಳ ಮೇಲೆ ‘ಕಾಸ್’ ಎಂಬ ರೂಪವನ್ನೇ ಒತ್ತಿಸಿದರು. ಒಂದೇ ಕರಾವಳಿಯ ಬೇರೆ ಬೇರೆ ರೇವುಗಳಲ್ಲಿ ಒಂದೇ ಚಿಲ್ಲರೆಗೆ ಹೀಗೆ ಸಕಾರದ ಮತ್ತು ಶಕಾರದ ಎರಡು ಹೆಸರುಗಳು ನಡೆದವು.

ಈ ಎರವಲಿಗೆ ವಿಚಿತ್ರವಾದೊಂದು ತಿರುವು ದೊರೆತದ್ದು ಪೂರ್ವದ ಸಮುದ್ರಗಳಲ್ಲಿ. ನಡುವೆ ಚೌಕನೆಯ ತೂತಿರುವ, ದಾರದಲ್ಲಿ ಪೋಣಿಸಿ ಸರಗಟ್ಟಲೆ ಎಣಿಸುವ ಚೀನಾದ ಎರಕದ ನಾಣ್ಯವನ್ನೂ ಜಾವಾ ದ್ವೀಪದಲ್ಲಿ ಚಲಾವಣೆಯಲ್ಲಿದ್ದ ಅದೇ ಬಗೆಯ ನಾಣ್ಯಗಳನ್ನೂ ಪೋರ್ಚುಗೀಸರು ಅದೇ ಹೆಸರಿನಿಂದ ಕರೆದರು. ಡಚ್ಚರವನಾದ ಲಿನ್‌ಸ್ಕೋಟನ್ ಎಂಬಾತ 1596ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥ 1598ರಲ್ಲಿ ಇಂಗ್ಲಿಷಿಗೆ ಬಂದಾಗ, ಸುಂದಾ ಸೀಮೆಯಲ್ಲಿ ಇನ್ನೂರು ಅಥವಾ ಸಾವಿರದಂತೆ ದಾರಕ್ಕೆ ಪೋಣಿಸುವ ತಾಮ್ರದ ನಾಣ್ಯವೊಂದೇ ನಡೆಯುತ್ತದೆ, ಅದರ ಹೆಸರು ಕೈಶಾ ಎಂಬ ಸುದ್ದಿ ಲಂಡನ್ನಿನ ಓದುಗರಿಗೆ ತಲುಪಿತು. ಪೆಟ್ಟಿಗೆಯ ಕ್ಯಾಶ್ ಇಂಗ್ಲಿಷಿನೊಳಗೆ ಕಾಲಿಟ್ಟ ದಶಕವೂ ಅದೇ ಎಂಬುದು ಗಮನಿಸಬೇಕಾದ ಕಾಕತಾಳೀಯ. ಚೀನೀಯರು ತಮ್ಮ ನಾಣ್ಯವನ್ನು ‘ವೆನ್’ ಎಂದೋ ‘ಛಿಯೆನ್’ ಎಂದೋ ಕರೆಯುತ್ತಿದ್ದರೇ ಹೊರತು ಕ್ಯಾಶ್ ಎಂದು ಎಂದೂ ಕರೆದವರಲ್ಲ. ಹೀಗಿದ್ದರೂ ಚೀನಾ, ಜಪಾನ್, ಕೊರಿಯಾ, ವಿಯೆಟ್ನಾಮುಗಳ ತೂತುನಾಣ್ಯಗಳೆಲ್ಲಕ್ಕೂ ನಾಣ್ಯಶಾಸ್ತ್ರದ ಇಂಗ್ಲಿಷ್ ಗ್ರಂಥಗಳಲ್ಲಿ ಇಂದಿಗೂ ಕ್ಯಾಶ್ ಎಂಬುದೇ ಹೆಸರು. ತಂಜಾವೂರಿನ ದೇವಾಲಯದ ಗೋಡೆಯ ಮೇಲಿನ ಮಾತೊಂದು ಲಿಸ್ಬನ್ನಿನವರ ನಾಲಗೆಯ ಮೂಲಕ ಬೀಜಿಂಗಿನ ನಾಣ್ಯಕ್ಕೆ ಹೆಸರಾದದ್ದು ವ್ಯಾಪಾರದ ಭಾಷೆ ನಡೆಯುವ ಬಗೆಗೆ ಒಳ್ಳೆಯ ನಿದರ್ಶನ. ಭಾರತದಲ್ಲಿದ್ದ ಇಂಗ್ಲಿಷರ ಮಾತುಗಳನ್ನು ಕಲೆಹಾಕಿ ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ಎಂಬ ಪದಕೋಶವು ಈ ಇಡೀ ಪ್ರಯಾಣವನ್ನು ಗುರುತಿಸಿ, ಪೂರ್ವದೇಶಗಳ ಈ ಚಿಲ್ಲರೆ ನಾಣ್ಯದ ಹೆಸರನ್ನು ಹಣವೆಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಬೇರ್ಪಡಿಸಿ ತೋರಿಸಿತು. ಆದರೂ ಎರಡನ್ನೂ ಕಲಸುವ ಅಭ್ಯಾಸ ನಿಂತಿಲ್ಲ.

ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ನಡೆಸುತ್ತಿದ್ದ ಲೆಕ್ಕದಲ್ಲಿ 80 ಕ್ಯಾಶಿಗೆ ಒಂದು ಫಣಮ್, ಎಂದರೆ ಹಣ. 42 ಫಣಮಿಗೆ ಒಂದು ಪಗೋಡ, ಎಂದರೆ ವರಹ. ಒಂದು ವರಹಕ್ಕೆ 3,360 ಕಾಸುಗಳಾಗುವ ಈ ಲೆಕ್ಕವನ್ನು ಬಂಗಾಳ ಮತ್ತು ಮುಂಬಯಿಗಳ ರೂಪಾಯಿ ಲೆಕ್ಕಕ್ಕೆ ಹೊಂದಿಸುವುದು ಕಂಪನಿಯ ಗುಮಾಸ್ತರಿಗೆ ದೊಡ್ಡ ತಲೆನೋವಾಗಿತ್ತು. ತಾಮ್ರದ ಚಿಲ್ಲರೆಯ ಅಭಾವವನ್ನು ನೀಗಿಸಲು ಕಂಪನಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಳಿ ಮ್ಯಾಥ್ಯೂ ಬೋಲ್ಟನ್ ಸ್ಥಾಪಿಸಿದ್ದ ಸೋಹೊ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ನಾಣ್ಯ ಒತ್ತಿಸಿ ತರಿಸಿಕೊಂಡಿತು. 1803ರ ಇಸವಿಯನ್ನು ಹೊತ್ತ ಈ ನಾಣ್ಯಗಳು ಒಂದು, ಐದು, ಹತ್ತು ಮತ್ತು ಇಪ್ಪತ್ತು ಕ್ಯಾಶಿನವು. ಮುಂದೆ 1808ರಲ್ಲಿ ಹತ್ತು ಇಪ್ಪತ್ತರವು ಮತ್ತೆ ಬಂದವು. ಇಪ್ಪತ್ತರ ನಾಣ್ಯದ ಒಂದು ಬದಿಗೆ ಕಂಪನಿಯ ಲಾಂಛನ. ಇನ್ನೊಂದು ಬದಿಗೆ ಇಪ್ಪತ್ತು ಕಾಸಿಗೆ ನಾಲ್ಕು ಫಲೂಸ್ ಎಂದು ಪಾರಸಿಯಲ್ಲಿ ಬರೆದು ಅದರ ಕೆಳಗೆ ಇಂಗ್ಲಿಷಿನಲ್ಲಿ ಕ್ಯಾಶ್ ಎಂದು ಒತ್ತಲಾಗಿದೆ. ಪಾರಸಿ ಬರಹಗಾರ ಊರಿನ ಉಚ್ಚಾರವನ್ನು ಉಳಿಸಿಕೊಂಡ, ಇಂಗ್ಲಿಷ್ ಬರಹಗಾರ ಪೋರ್ಚುಗೀಸರ ಉಚ್ಚಾರವನ್ನು.

ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಮೈಸೂರಿನದು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದು ಹೊರಡಿಸಿದ ಕಂಠೀರಾಯಿ ಹಣ, ಹೈದರ್ ಮತ್ತು ಟಿಪ್ಪುವಿನ ಕಾಲದ ಆನೆಯ ಚಿತ್ರದ ತಾಮ್ರದ ನಾಣ್ಯಗಳು, ಗ್ರಹ ನಕ್ಷತ್ರಗಳ ಹೆಸರನ್ನು ಟಿಪ್ಪು ತನ್ನ ಪೈಸೆಗಳಿಗೆ ಇಟ್ಟದ್ದು, ಇವೆಲ್ಲ ನಾಣ್ಯ ಸಂಗ್ರಾಹಕರಿಗೆ ಚಿರಪರಿಚಿತ. ಟಿಪ್ಪುವಿನ ಪೈಸೆ ಶುಕ್ರಗ್ರಹದ ಹೆಸರಿನ ಜೊಹ್ರಾ, ಅರ್ಧ ಪೈಸೆ ಮಂಗಳನ ಹೆಸರಿನ ಬಹರಾಮ್. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹೊರಟ ತಾಮ್ರದ ನಾಣ್ಯಗಳಲ್ಲಿ ಆನೆ ಹಾಗೆಯೇ ಉಳಿಯಿತು. ಅದರ ಮೇಲೆ ಸೂರ್ಯಚಂದ್ರರ ನಡುವೆ ಶ್ರೀಕಾರ ಬಂತು, ಮುಂದೆ ಚಾಮುಂಡಿಯ ಹೆಸರು ಬಂತು, ಆ ಬಳಿಕ ಆನೆಯ ಜಾಗದಲ್ಲಿ ಸಿಂಹ ಬಂತು. ಇವುಗಳಲ್ಲಿ ಐದು, ಹತ್ತು, ಇಪ್ಪತ್ತರ ಬೆಲೆಯ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ರೋಮನ್ ಅಂಕಿಯ ಜೊತೆ ಇಂಗ್ಲಿಷಿನಲ್ಲಿ ಕ್ಯಾಶ್ ಎಂದೂ ಎರಡನ್ನೂ ಒತ್ತಿರುವುದನ್ನು ಕಾಣಬಹುದು. ಸಾಗರಗಳನ್ನು ಸುತ್ತಿ ಬಂದ ಮಾತು ತನ್ನ ತಾಯಿಯ ಪಕ್ಕದಲ್ಲಿ, ಉಗುರಗಲದ ತಾಮ್ರದ ಮೇಲೆ, ಹೀಗೆ ಒಂದಾಗಿ ನಿಂತದ್ದು ಬೇರೆ ಕಡೆ ಅಪರೂಪ. ಮೈಸೂರಿನ ಟಂಕಸಾಲೆಯನ್ನು 1833ರಲ್ಲಿ ಬೆಂಗಳೂರಿಗೆ ಸಾಗಿಸಿ 1843ರಲ್ಲಿ ಮುಚ್ಚಿದ ಮೇಲೆ ಈ ಜೋಡಿಬರಹದ ನಾಣ್ಯ ಹುಟ್ಟುವುದು ನಿಂತಿತು. ಅಷ್ಟರಲ್ಲಿ ಕಂಪನಿಯೂ 1835ರಲ್ಲಿ ತನ್ನ ಎಲ್ಲ ಪ್ರಾಂತ್ಯಗಳಿಗೆ ರೂಪಾಯಿಯೊಂದನ್ನೇ ಗೊತ್ತುಮಾಡಿತ್ತು. ಡೇನರು 1845ರಲ್ಲಿ ತರಂಗಂಬಾಡಿಯನ್ನು ಕಂಪನಿಗೆ ಮಾರಿ ಹೊರಟುಹೋದರು. ತಿರುವಾಂಕೂರು ಸಂಸ್ಥಾನ ಮಾತ್ರ 16 ಕಾಸಿಗೆ ಒಂದು ಚಕ್ರ, 28 ಚಕ್ರಕ್ಕೆ ಒಂದು ರೂಪಾಯಿ ಎಂಬ ತನ್ನ ಲೆಕ್ಕವನ್ನು 1949ರವರೆಗೆ ಬಿಟ್ಟುಕೊಡಲಿಲ್ಲ.

ನಾಣ್ಯದ ಕ್ಯಾಶ್ ಹೀಗೆ ಕುಗ್ಗುತ್ತಿದ್ದ ಕಾಲದಲ್ಲಿ ಪೆಟ್ಟಿಗೆಯ ಕ್ಯಾಶ್ ಅರ್ಥದಲ್ಲಿ ಬೆಳೆಯುತ್ತಿತ್ತು. ಆ ಬೆಳವಣಿಗೆಯಲ್ಲಿ ಒಂದು ಸೂತ್ರವಿದೆ: ಈ ಪದ ತನ್ನ ಅರ್ಥವನ್ನು ತಾನೇ ಹೊತ್ತುಕೊಂಡಿರುವುದಿಲ್ಲ, ಎದುರಿಗೆ ನಿಂತದ್ದರಿಂದ ಪಡೆಯುತ್ತದೆ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಅದರ ಎದುರಾಳಿ ಬ್ಯಾಂಕಿನ ನೋಟು. 1797ರ ಫೆಬ್ರವರಿಯಲ್ಲಿ ಫ್ರೆಂಚರ ಒಂದು ಚಿಕ್ಕ ಪಡೆ ವೇಲ್ಸಿನ ಫಿಶ್‌ಗಾರ್ಡಿನ ಬಳಿ ಇಳಿದ ಸುದ್ದಿ ಹಬ್ಬಿ, ಜನ ನೋಟು ಕೊಟ್ಟು ಚಿನ್ನ ಪಡೆಯಲು ಮುಗಿಬಿದ್ದಾಗ ಸರ್ಕಾರ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ‘ಕ್ಯಾಶ್ ಪಾವತಿ’ಯನ್ನು ನಿಲ್ಲಿಸುವಂತೆ ಆಜ್ಞೆ ಮಾಡಿತು, ಆ ನಿಷೇಧ ಪೂರ್ತಿಯಾಗಿ ತೆರವಾದದ್ದು 1821ರಲ್ಲಿ. ನೋಟು ಕೊಡುವುದಕ್ಕೆ ಅಡ್ಡಿಯೇನೂ ಇರಲಿಲ್ಲ, ನಿಂತದ್ದು ಚಿನ್ನ ಕೊಡುವುದು. ಎಂದರೆ ಆಗ ಕ್ಯಾಶ್ ಎಂದರೆ ಲೋಹ ಮಾತ್ರ, ಕಾಗದ ಕ್ಯಾಶ್ ಅಲ್ಲ. ಚೆಕ್ಕು ಸರ್ವೇಸಾಮಾನ್ಯವಾದ ಮೇಲೆ ನೋಟೂ ಕ್ಯಾಶಿನ ಸಾಲಿಗೆ ಸೇರಿಕೊಂಡಿತು, ಚೆಕ್ಕನ್ನು ಕ್ಯಾಶ್ ಮಾಡುವುದು ಎಂಬ ಕ್ರಿಯಾಪದವೂ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿತು. ಕಾರ್ಡು ಬಂದಾಗ, ಆಮೇಲೆ ಮೊಬೈಲ್ ಪಾವತಿ ಬಂದಾಗ, ಕ್ಯಾಶ್ ಎಂದರೆ ಕೈಯಿಂದ ಕೈಗೆ ದಾಟುವ ಯಾವುದೇ ಹಣ ಎಂದಾಯಿತು. ಇಂದು ಬಳಕೆಯಲ್ಲಿರುವ ‘ಕ್ಯಾಶ್‌ಲೆಸ್’ ಎಂಬ ಮಾತನ್ನು 1797ರ ಲಂಡನ್ನಿನ ವರ್ತಕನಿಗೆ ಹೇಳಿದ್ದರೆ, ಆತ ಕೈತುಂಬ ನೋಟುಗಳನ್ನು ಹಿಡಿದುಕೊಂಡೇ ತಾನೂ ಅದೇ ಸ್ಥಿತಿಯಲ್ಲಿರುವುದಾಗಿ ಗೋಳಾಡುತ್ತಿದ್ದ.

ಇನ್ನೂ ಸೋಜಿಗದ ಪ್ರಯೋಗ ‘ಕ್ಯಾಶ್ ಕ್ರೆಡಿಟ್’ ಎಂಬುದು. ಒಂದು ಪದಕ್ಕೆ ಕೈಯಲ್ಲಿರುವ ಹಣ ಎಂಬ ಅರ್ಥ, ಇನ್ನೊಂದಕ್ಕೆ ಸಾಲ ಎಂಬ ಅರ್ಥ. 1728ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ವಿಲಿಯಂ ಹಾಗ್ ಎಂಬ ಎಡಿನ್‌ಬರೊ ವರ್ತಕನಿಗೆ ತನ್ನ ಖಾತೆಯಲ್ಲಿ ಇರುವುದಕ್ಕಿಂತ 1,000 ಪೌಂಡುಗಳವರೆಗೆ ಹೆಚ್ಚು ಪಡೆಯಲು ಅನುಮತಿ ಕೊಟ್ಟದ್ದು ಈ ವ್ಯವಸ್ಥೆಯ ಮೊದಲ ಹೆಜ್ಜೆ. ಬೇಕಾದಾಗ ಬೇಕಾದಷ್ಟು ಪಡೆದು, ಪಡೆದಷ್ಟಕ್ಕೆ ಮಾತ್ರ ಬಡ್ಡಿ ಕೊಟ್ಟು, ಬಂದಾಗ ಬಂದಷ್ಟನ್ನು ಹಿಂದಿರುಗಿಸುವ ಈ ಸೌಲಭ್ಯವನ್ನು ಆಡಂ ಸ್ಮಿತ್ 1776ರ ತನ್ನ ಮಹಾಗ್ರಂಥದಲ್ಲಿ ಸ್ಕಾಟ್ಲೆಂಡಿನ ವ್ಯಾಪಾರದ ಏಳಿಗೆಗೆ ನೆರವಾದುದೆಂದು ವಿವರಿಸಿದ್ದಾನೆ. ಕರ್ನಾಟಕದ ಅಕ್ಕಿ ಗಿರಣಿಯವರೂ ಅಡಕೆ ಮಂಡಿಯವರೂ ಬ್ಯಾಂಕುಗಳಲ್ಲಿ ಇಟ್ಟುಕೊಂಡಿರುವ ‘ಸಿ.ಸಿ. ಖಾತೆ’ ಈ ಸ್ಕಾಟಿಷ್ ಕಲ್ಪನೆಯ ನೇರ ಮುಂದುವರಿಕೆ. ದಾಸ್ತಾನನ್ನು ಅಡವಿಟ್ಟು ಸಾಲದಲ್ಲಿ ನಡೆಯುವ ಆ ಖಾತೆಯ ಹೆಸರಿನಲ್ಲಿ ಕ್ಯಾಶ್ ಇರುವುದರ ವಿರೋಧಾಭಾಸವನ್ನು ಬಡ್ಡಿ ಕಟ್ಟುವವರು ಹೆಚ್ಚಾಗಿ ಗಮನಿಸಿದಂತಿಲ್ಲ. ನೋಟುಗಳನ್ನು ತಾನೇ ಕೊಡುವ ಯಂತ್ರ ಬಂದದ್ದು ಬಹಳ ತಡವಾಗಿ. ಮೇಘಾಲಯದ ಶಿಲ್ಲಾಂಗಿನಲ್ಲಿ ಹುಟ್ಟಿದ ಜಾನ್ ಶೆಫರ್ಡ್-ಬ್ಯಾರನ್ ರೂಪಿಸಿದ ಅಂಥ ಯಂತ್ರವನ್ನು ಬಾರ್ಕ್ಲೇಸ್ ಬ್ಯಾಂಕು 1967ರ ಜೂನ್ 27ರಂದು ಉತ್ತರ ಲಂಡನ್ನಿನ ಎನ್‌ಫೀಲ್ಡಿನಲ್ಲಿ ಚಾಲೂ ಮಾಡಿತು. ಬ್ರಿಟನ್ನಿನ ಜನ ಅದನ್ನು ಕ್ಯಾಶ್ ಮೆಷಿನ್ ಎಂದೇ ಕರೆಯುತ್ತಾರೆ. ಹೀಗೆ ಪದ ಮತ್ತೆ ಪೆಟ್ಟಿಗೆಯೊಳಗೆ ಹೋಗಿ ಕುಳಿತಿತು.

ಕನ್ನಡದಲ್ಲಿ ಈ ಅರ್ಥಕ್ಕೆ ಮೊದಲಿನಿಂದ ಬೇರೆ ಬೇರೆ ಮಾತುಗಳಿವೆ. ಉತ್ತರ ಕರ್ನಾಟಕದಲ್ಲಿ ‘ರೊಕ್ಕ’ ಎಂದರೆ ಸಾಕು, ಹಳೆಯ ಮೈಸೂರಿನಲ್ಲಿ ‘ದುಡ್ಡು’. ಆದರೆ ಸಾಲಕ್ಕೆ ಪ್ರತಿಯಾಗಿ ನಿಲ್ಲುವ ನಿಖರವಾದ ಮಾತು ‘ನಗದು’. ಅರಬ್ಬಿಯ ‘ನಕ್ದ್’ ಎಂಬ ಈ ಶಬ್ದ ಪಾರಸಿಯ ಆಡಳಿತಭಾಷೆಯ ಮೂಲಕ ಕನ್ನಡಕ್ಕೆ ಬಂದಿದೆ. ಅದರ ಮೂಲಾರ್ಥ ನಾಣ್ಯಗಳನ್ನು ಬೆರಳಿನಿಂದ ತಟ್ಟಿ, ಪರೀಕ್ಷಿಸಿ, ಒಳ್ಳೆಯದನ್ನು ಖೋಟಾದಿಂದ ಆರಿಸುವುದು. ಕನ್ನಡದ ಪೇಟೆಗಳಲ್ಲಿ ಚಿನಿವಾರನೆಂದು ಹೆಸರಾಗಿದ್ದ ಸರಾಫನ ಕಸುಬು ಅದೇ. ಆಧುನಿಕ ಅರಬ್ಬಿಯಲ್ಲಿ ಸಾಹಿತ್ಯ ವಿಮರ್ಶೆಗೂ ಇದೇ ಮಾತನ್ನು ಬಳಸುತ್ತಾರೆಂಬುದು ವಿಮರ್ಶಕರಿಗೂ ಸರಾಫರಿಗೂ ಸಮನಾಗಿ ಸಂತೋಷ ಕೊಡಬಹುದಾದ ಸಂಗತಿ. ಅಂಗಡಿಯ ಹಲಗೆಯ ಮೇಲಿನ ‘ಇಂದು ನಗದು, ನಾಳೆ ಉದ್ರಿ’ ಎಂಬ ಬರಹದಲ್ಲಿ ಕ್ಯಾಶ್ ಹೇಗೋ ನಗದೂ ಹಾಗೆಯೇ ತನ್ನ ಎದುರುಪದದ ಆಸರೆಯಲ್ಲಿ ನಿಂತಿದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಗಳ ನೋಟುಗಳು ರದ್ದಾದ ಮೇಲೆ ‘ನಗದುರಹಿತ’ ಎಂಬ ಸಮಾಸಪದವನ್ನು ಪತ್ರಿಕೆಗಳು ಮನೆಮನೆಗೆ ಮುಟ್ಟಿಸಿದವು. ಕ್ಯಾಶ್ ಎಂಬುದು ಬ್ಯಾಂಕಿನ ಕಿಟಕಿಯಲ್ಲಿ, ಆಸ್ಪತ್ರೆಯ ಬಿಲ್ಲಿನಲ್ಲಿ, ನಿವೇಶನದ ವ್ಯವಹಾರದಲ್ಲಿ ಕೇಳಿಬರುವ ದೊಡ್ಡ ಮೊತ್ತದ ಮಾತಾಗಿ ಉಳಿಯಿತು. ಕಾಸು ಎಂಬುದು ಅಂಗೈಯಲ್ಲಿ ಎಣಿಸಬಹುದಾದದ್ದಕ್ಕೆ, ಇಲ್ಲದಿದ್ದಾಗ ಇಲ್ಲವೆಂದು ಹೇಳುವುದಕ್ಕೆ.

ಎರಡು ಕ್ಯಾಶುಗಳೂ ವಿಲಕ್ಷಣ ರೀತಿಯಲ್ಲಿ ಎದುರಾದ ಪ್ರಸಂಗವೊಂದಿದೆ. 1809ರ ಜನವರಿಯಲ್ಲಿ ‘ಅಡ್ಮಿರಲ್ ಗಾರ್ಡನರ್’ ಎಂಬ ಈಸ್ಟ್ ಇಂಡಿಯಾ ಕಂಪನಿಯ ಹಡಗು, ಸೋಹೊ ಟಂಕಸಾಲೆಯಲ್ಲಿ ಒತ್ತಿದ 1808ರ ಹತ್ತು ಮತ್ತು ಇಪ್ಪತ್ತು ಕ್ಯಾಶಿನ ನಾಣ್ಯಗಳನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಮದರಾಸಿಗೆ ಹೊರಟಿತು. ಇಂಗ್ಲೆಂಡಿನ ಕೆಂಟ್ ತೀರದಾಚೆಯ ಗುಡ್‌ವಿನ್ ಸ್ಯಾಂಡ್ಸ್ ಎಂಬ ಮರಳುದಿಬ್ಬಗಳ ಮೇಲೆ ಬಿರುಗಾಳಿಗೆ ಸಿಕ್ಕಿ ಅದು ಒಡೆದುಹೋಯಿತು. ಮದರಾಸಿನ ಸಂತೆಗಳಲ್ಲಿ ಸೊಪ್ಪು, ಮೀನು, ಎಲೆಅಡಿಕೆಗಳಿಗೆ ಕೈ ಬದಲಾಗಬೇಕಿದ್ದ ಕಾಸುಗಳು ಇಂಗ್ಲಿಷ್ ಕಡಲಿನ ತಳ ಸೇರಿದವು. 1980ರ ದಶಕದಲ್ಲಿ ಮುಳುಗುಗಾರರು ಆ ಹಡಗಿನ ಅವಶೇಷವನ್ನು ಕಂಡು ಲಕ್ಷಗಟ್ಟಲೆ ನಾಣ್ಯಗಳನ್ನು ಮೇಲೆತ್ತಿದರು. ಪೀಪಾಯಿಗಳ ಒಳಗೆ ಅಡಕವಾಗಿದ್ದವುಗಳಲ್ಲಿ ಹಲವು ಟಂಕಸಾಲೆಯಿಂದ ಆಗತಾನೇ ಹೊರಬಂದಂತೆ ಕೆಂಪಗೆ ಹೊಳೆಯುತ್ತಿದ್ದವು. ಒಮ್ಮೆಯೂ ಚಲಾವಣೆಗೆ ಬಾರದ ಆ ಇಪ್ಪತ್ತರ ಕಾಸುಗಳು ಈಗ ಸಂಗ್ರಾಹಕರ ಅಂಗಡಿಗಳಲ್ಲಿ ಕಡಮೆ ಬೆಲೆಗೆ ದೊರೆಯುತ್ತವೆ, ಕೊಳ್ಳುವವರು ಅದಕ್ಕೆ ಕ್ಯಾಶ್ ಕೊಡುತ್ತಾರೆ.